ಎಡಗಡೆ ಎರಡು ಬೆರಳು

ನನಗೆ ದೆವ್ವಗಳ ಮೇಲೆ ದ್ವೇಷವಿಲ್ಲ. ನಂಬಿಕೆಯೂ ಇಲ್ಲ. ಇದು ನನ್ನ ದೊಡ್ಡಮ್ಮನ ಮಗ ನಟರಾಜಣ್ಣನ ಕಾರಿನ ವಿಷಯ, ಅಷ್ಟೆ. ಶುರುವಾದ ರಾತ್ರಿ ನಾನೂ ಅದರಲ್ಲಿದ್ದೆ.

ದೊಡ್ಡಮ್ಮ ಸಾಕಮ್ಮನ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಮೂರು ಸಲ ಮೈಸೂರಿನಲ್ಲಿ ಡಯಾಲಿಸಿಸ್. ಸಿಕ್ಕಿದ್ದು ಸಂಜೆಯ ಸರದಿ, ಮರಳುವಾಗ ರಾತ್ರಿ ಹತ್ತು. ಕಾರಿಗೆ ಇಪ್ಪತ್ತು ವರ್ಷ. ಅಣ್ಣ ದಿನಾ ಕೆಲಸಕ್ಕೆ ಹೋಗುವುದೂ ಅದರಲ್ಲೇ. ಹಿಂದಿನ ಸ್ಪ್ರಿಂಗುಗಳು ಸೋತು ಬಾಲ ಜೋತಿತ್ತು. ಬಿಳಿಕೆರೆ ದಾಟಿ ನಮ್ಮೂರಿಗೆ ತಿರುಗಿದರೆ ಆಲದ ಮರದ ಹತ್ತಿರ ಒಂದು ಹಂಪ್. ಊರವರೇ ಹಾಕಿಕೊಂಡದ್ದು, ಅಳತೆ ಕೇಳಬೇಡಿ. ಹಿಂದೆ ಯಾರಾದರೂ ಕೂತಿದ್ದರೆ ಕಾರಿನ ತಳ ಅದಕ್ಕೆ ಕರ್ರ್... ಎಂದು ಉಜ್ಜುತ್ತಿತ್ತು. ಹಾಗಾಗಿ ಎಲ್ಲರೂ ಇಳಿದು, ನಡೆದು, ಆಚೆ ಹತ್ತಬೇಕು. ಡಯಾಲಿಸಿಸ್ ಆಗಿ ಬಂದವರೂ.

ಆ ರಾತ್ರಿ ನಾನು ಮುಂದೆ ನಡೆದೆ. ಹಿಂದೆ ದೊಡ್ಡಮ್ಮನ ಚಪ್ಪಲಿ... ಸರ್... ಸರ್. ಮರದ ಕೆಳಗೆ ಸದ್ದು ನಿಂತಿತು.

"ಬಾರವ್ವ, ಜಾಗ ಐತೆ. ಕೂತ್ಕ."

ರಸ್ತೆ ಬದಿ ನಿಂತವರನ್ನು ಗಾಡಿಯಲ್ಲಿ ಜಾಗವಿದ್ದೂ ಕರೆಯದೆ ಹೋದರೆ ನಮ್ಮ ಕಡೆ ಕೊಬ್ಬು ಅನ್ನುತ್ತಾರೆ. ದೊಡ್ಡಮ್ಮ ಎಂದೂ ಹಾಗೆ ಹೋದವರಲ್ಲ. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಯಾರನ್ನ ಕರೀತಿದ್ದೀಯ ದೊಡ್ಡಮ್ಮ?"

"ಮೆತ್ತಗೆ ಮಾತಾಡ್ಲಾ. ಪಾಪ, ಗಂಟು ಇಟ್ಕಂಡು ನಿಂತವ್ಳೆ."

ನಾನು ಹತ್ತಿದೆ. ಹಿಂದೆ ಬಲಗಡೆ ದೊಡ್ಡಮ್ಮ ಬಾಗಿಲು ಹಾಕಿಕೊಂಡರು. ಟಪ್. ಆಮೇಲೆ... ಎಡಗಡೆ. ಟಪ್. ಗಾಳಿ ಎಂದುಕೊಂಡೆ. ಗಾಳಿ ಇರಲಿಲ್ಲ.

ಮಾರನೆಯ ದಿನ ಹುಣಸೂರಿನಲ್ಲಿ ಮೆಕ್ಯಾನಿಕ್ ಗಯಾಸುದ್ದೀನ್ ಟೈರಿಗೂ ಮೇಲಿನ ಅಂಚಿಗೂ ನಡುವೆ ಬೆರಳಿಟ್ಟ. ಅದೇ ಅವನ ಅಳತೆ, ಬೆರಳು ಕಡಿಮೆಯಾದಷ್ಟೂ ಆ ಕಡೆ ಭಾರ. ಬಲಗಡೆ ಮೂರು. ಎಡಗಡೆ ಒಂದು.

"ಹಿಂದೆ ಯಾರು ಕೂರ್ತಾರೆ ನಟರಾಜಣ್ಣ?"

"ಅವ್ವ ಒಬ್ಳೇ. ನಲವತ್ತು ಕೆಜಿ ಇದ್ರೆ ಹೆಚ್ಚು."

"ಎಡಗಡೇನಾ?"

"ಬಲಗಡೆ. ನನ್ನ ಹಿಂದೆ."

ಗಯಾಸುದ್ದೀನ್ ಮತ್ತೆ ಬೆರಳಿಟ್ಟು ನೋಡಿದ. ಆಮೇಲೆ ಎರಡು ಜೊತೆ ಸ್ಪ್ರಿಂಗ್ ತಂದು ನೆಲಕ್ಕಿಟ್ಟ. ಒಂದು ಸ್ವಲ್ಪ ಗಟ್ಟಿ. ಇನ್ನೊಂದರ ತಂತಿ ಇನ್ನೂ ದಪ್ಪ, ಬಾಡಿಗೆ ಗಾಡಿಯವರು ಹಾಕಿಸುವುದು.

"ದಪ್ಪದ್ದು ಹಾಕಿದ್ರೆ ಹಂಪ್ ಹತ್ರ ಇಳಿಯೋದು ಬ್ಯಾಡ. ಆದ್ರೆ ಗುಂಡಿ ಗುಂಡಿಗೂ ಎತ್ತಿ ಕುಕ್ತದೆ. ಅವ್ವನ ಸೊಂಟ ತಡೀಬೇಕಲ್ಲ?"

ಅಣ್ಣ ದಪ್ಪದ್ದನ್ನೇ ತೋರಿಸಿದ. "ಅಲ್ಲಿ ಅವ್ವ ಇಳೀಬಾರ್ದು ಕಣೋ," ಎಂದ ನನಗೆ, ಗುಟ್ಟಿನಲ್ಲಿ. ತಡವಾಗಿತ್ತು. ಹತ್ತಿದವರು ಇಳಿಯಬೇಕಿತ್ತು, ಅದಕ್ಕೆ ಸ್ಪ್ರಿಂಗ್ ಸಿಗುವುದಿಲ್ಲ.

ಹೊಸತರಲ್ಲಿ ಎರಡೂ ಕಡೆ ನಾಲ್ಕು ಬೆರಳು. ಹಂಪ್ ಸಲೀಸಾಗಿ ದಾಟಿತು. ಉಳಿದ ರಸ್ತೆಯೆಲ್ಲ ಧಡ್... ಧಡ್. ದೊಡ್ಡಮ್ಮ ಪ್ರತಿ ಏಟಿಗೂ ತುಟಿ ಕಚ್ಚುತ್ತಿದ್ದರು. ಒಂದು ರಾತ್ರಿ ಮುಂದಕ್ಕೆ ಬಾಗಿ ಅಣ್ಣನ ಭುಜ ಮುಟ್ಟಿದರು.

"ನಿಧಾನಕ್ಕೆ ಓಡ್ಸಪ್ಪ. ಅವ್ಳಿಗೂ ನೋವಂತೆ."

ಅಣ್ಣ ಕನ್ನಡಿ ನೋಡಲಿಲ್ಲ. ನಾನು ನೋಡಿದೆ. ಖಾಲಿ ಸೀಟು. ದೊಡ್ಡಮ್ಮ ಮಾತ್ರ ಬಾಗಿಲಿಗೆ ಒತ್ತಿಕೊಂಡು, ಪಕ್ಕದವರಿಗೆ ಜಾಗ ಬಿಟ್ಟು ಕೂತಿದ್ದರು.

ಹದಿನೈದು ದಿನಕ್ಕೆ ಎಡಗಡೆ ಎರಡು ಬೆರಳಿಗೆ ಇಳಿಯಿತು. ಬಲಗಡೆ ನಾಲ್ಕೇ. ಸ್ಪ್ರಿಂಗೇ ಕಳಪೆ ಇರಬೇಕು, ಎಡದ್ದನ್ನು ಬಲಕ್ಕೆ ಹಾಕಿ ನೋಡು ಎಂದೆ. ಗಯಾಸುದ್ದೀನ್ ಅದಲುಬದಲು ಮಾಡಿದ. ಮೂರು ದಿನ. ಮತ್ತೆ ಎಡಗಡೆಯೇ. ಅವನು ದುಡ್ಡು ಬೇಡವೆಂದ.

"ಇಳ್ದು ಹೋಗು ಅಂತ ಹೇಳವ್ವ," ಅಣ್ಣ ಒಮ್ಮೆ ಅಂಗಲಾಚಿದ.

"ಕರ್ದು ಕೂರಿಸ್ಕಂಡವ್ಳು ನಾನು. ಯಾವ ಬಾಯಲ್ಲಿ ಹೇಳ್ಲಿ? ಅವ್ಳೂರು ಇನ್ನೂ ಬಂದಿಲ್ವಂತೆ."

ದೊಡ್ಡಮ್ಮ ತೀರಿಕೊಂಡದ್ದು ಅದೇ ಕಾರಿನಲ್ಲಿ, ಒಂದು ಗುರುವಾರ, ಬಿಳಿಕೆರೆಗೆ ಇನ್ನೂ ಎರಡು ಕಿಲೋಮೀಟರ್ ಇದ್ದಾಗ. ಧಡ್ ಎಂದಿತು... ಆಮೇಲೆ ಹಿಂದಿನಿಂದ ಏನೂ ಕೇಳಿಸಲಿಲ್ಲ. ಗಟ್ಟಿ ಸ್ಪ್ರಿಂಗೇ ಕೊಂದಿತು ಎಂದು ಅಣ್ಣ ಇವತ್ತಿಗೂ ಹೇಳುತ್ತಾನೆ. ಡಾಕ್ಟರು ಹೃದಯ ಎಂದರು. ನಾನು ಡಾಕ್ಟರ ಕಡೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಹಳೆಯ ಮೆತ್ತಗಿನ ಸ್ಪ್ರಿಂಗೇ ಹಾಕಿಸೋಣ ಎಂದು ಅಣ್ಣ ಹುಣಸೂರಿಗೆ ಹೊರಟ. ನಾನೂ ಹೋದೆ. ಕಾರು ನಿಲ್ಲಿಸಿ ಇಬ್ಬರೂ ಇಳಿದೆವು. ಗಯಾಸುದ್ದೀನ್ ಎಡಗಡೆ ಬೆರಳಿಟ್ಟ. ಎರಡು. ಬಲಗಡೆಗೆ ಬಂದು ಕುಕ್ಕರಗಾಲಲ್ಲಿ ಕೂತ. ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ.

"ಈಗ ಸಮ ಆಗೈತೆ," ಎಂದ. "ಏನೂ ಬಿಚ್ಚೋದು ಬ್ಯಾಡ. ಓಡ್ಸಿ."

ನಾನೇ ಬೆರಳಿಟ್ಟು ನೋಡಿದೆ. ಆ ಕಡೆ ಎರಡು, ಈ ಕಡೆ ಎರಡು. ಕಾರು ಖಾಲಿ. ಬೆಳಗಿನ ಹನ್ನೊಂದು ಗಂಟೆ, ಒಳ್ಳೆ ಬಿಸಿಲು.