ತೋಳಿನ ತಾಯತ

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ನೀಲಗಂಗಮ್ಮ ಕೊಟ್ಟೂರು ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಮಕ್ಕಳ ಆರೋಗ್ಯ ನೋಡುವ ಸಂಸ್ಥೆಯ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಮಕ್ಕಳು ಎಷ್ಟು ಸೊರಗಿದ್ದಾರೆಂದು ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಮಂದಿಯ ಮಾತಿಗೆ ಕಿವಿಗೊಡುವ ಚಾಳಿ ನೀಲಗಂಗಮ್ಮನದಲ್ಲ. ಆದರೆ ಇದ್ದದ್ದು ಒಂದೇ ಬೆಂಚು.

“ಆಸ್ಪತ್ರ್ಯಾಗಿರೋ ಆ ಕೂಸಿನ ತೋಳು ಹೋದ ತಿಂಗಳು ನಾನೇ ಅಳದಿದ್ದೆ, ಅಕ್ಕಾ. ಪಟ್ಟಿ ಹಳದಿ ತೋರಿಸ್ತು.”

“ಹಳದಿ ಅಂದ್ರ ಆಸ್ಪತ್ರಿಗೆ ಹಾಕೋದು ಬ್ಯಾಡ ಅಂತ. ನಿಂದೇನು ತಪ್ಪು, ಶಿವಗಂಗಾ?”

“ತೋಳಿಗೆ ದಪ್ಪನ ತಾಯತ ಕಟ್ಟಿದ್ರು. ಅದರ ಮ್ಯಾಲೇ ಪಟ್ಟಿ ಸುತ್ತಿದೆ.”

ಹಿರಿಯವಳು ತಿರುಗಿ ನೋಡಿದಳು.

“ಬಿಚ್ಚಿ ಅಳದಿದ್ರ?”

“ಕೆಂಪು ಬರ್ತಿತ್ತು. ಅವತ್ತೇ ಸೇರಸ್ತಿದ್ವಿ. ಈಗ ಕೂಸಿಗೆ ಕಣ್ಣು ಬಿಡಾಕೂ ತ್ರಾಣಿಲ್ಲ.”

“ಬಿಚ್ರಿ ಅಂತ ಕೇಳಬೇಕಿತ್ತಲ್ಲ?”

“ದೇವರ ದಾರ. ಕೂಸಿನ ಅಜ್ಜಿ ಬೈತಾಳಂತ ಹೆದರಿದೆ.”

ಹೊಸಹಳ್ಳಿ ಬಸ್ಸು ಬಂತು. ಇಬ್ಬರೂ ಎದ್ದರು. ನೀಲಗಂಗಮ್ಮ ಕಾಲು ಮಡಚಿ ದಾರಿ ಬಿಟ್ಟಳು.

“ನಿನ್ನೆ ಆಸ್ಪತ್ರ್ಯಾಗ ಅಜ್ಜಿ ಮುಂದ ಎಲ್ಲಾ ಹೇಳಿದೆ.”

“ಬೈದ್ಲಾ?”

ಶಿವಗಂಗಾ ಬಸ್ಸಿನ ಮೆಟ್ಟಿಲ ಮೇಲೆ ತಿರುಗಿದಳು.

“ಇಲ್ಲಕ್ಕಾ. ‘ಕೇಳಿದ್ರ ಬಿಚ್ಚತಿದ್ನಲ್ಲವ್ವಾ’ ಅಂದ್ಲು.”