ಸಯೊಗಿನುವಿನ ಹೆಸರಿದ್ದ ಹಲಗೆ

ನಂಬದಿದ್ದರೆ ಬಿಡಿ. ದೀಪ ಮಾತ್ರ ಆರಿಸಬೇಡಿ. ಇದು ನನ್ನ ಚಿಕ್ಕಪ್ಪನ ಮಗ ತೊಕುಜಿಗೆ ಆದದ್ದು. ಎಡೊ ಪಟ್ಟಣದಲ್ಲಿ ಅವನೂ ನನ್ನ ಹಾಗೆ ಪಟ ಅಚ್ಚುಹಾಕುವ ಹಲಗೆ ಕೆತ್ತುವವನು.

ಅವತ್ತು ಯೋಶಿವಾರಾದ ಸೂಳೆಗೇರಿಯಿಂದ ಗದ್ದೆಯ ಏರಿ ಹಿಡಿದು ಒಬ್ಬನೇ ಬರುತ್ತಿದ್ದ. ಹೊತ್ತಾಗಿತ್ತು. ಬೆನ್ನ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಲಗೆ. ಅದರಲ್ಲಿ ಆ ಕೇರಿಯ ಸಯೊಗಿನು ಎಂಬ ಹೆಣ್ಣಿನ ಮುಖ, ಪಕ್ಕದಲ್ಲಿ ಅವಳ ಹೆಸರು. ಕೆತ್ತಿದವನು ಇವನೇ.

ಆ ಪಟ ಅಂಗಡಿ ಅಂಗಡಿಯಲ್ಲೂ ತೂಗುತ್ತಿತ್ತು. ಪಟದಲ್ಲಿ ಅವಳು ನಗುತ್ತಿದ್ದಳು. ಮನೆಯೊಳಗೆ ಪರಂಗಿ ಹುಣ್ಣಿನಲ್ಲಿ ಕೊಳೆಯುತ್ತಿದ್ದಳು. ಜ್ವರದಲ್ಲೂ ಆ ಸೂಳೆಮನೆಯ ಯಜಮಾನ ಅವಳ ಕೋಣೆಗೆ ಗಿರಾಕಿ ಕಳಿಸಿದ. ಸತ್ತಾಗ ಹುಲ್ಲುಚಾಪೆಯಲ್ಲಿ ಸುತ್ತಿ ಗುಡಿಯ ಹಿಂಬಾಗಿಲಲ್ಲಿ ಎಸೆದು ಬಂದರು.

ಅದೇ ಯಜಮಾನ ಆ ಸಂಜೆ ತೊಕುಜಿಯನ್ನು ಕರೆಸಿದ್ದ.

"ಮುಖ ಹಾಗೇ ಇರ್ಲಿ ಕಣಯ್ಯ. ಹೆಸರು ಕಿತ್ತು, ಹೊಸ ಹುಡುಗಿದು ಕೂರಿಸು."

"ಆ ಹುಡುಗಿ ಮುಖಾನೇ ಬೇರೆ ಅಲ್ವಾ, ಯಜಮಾನ್ರೆ?"

"ಪಟದಲ್ಲಿ ಎಲ್ಲರದ್ದೂ ಒಂದೇ ಮೂಗು ತಾನೆ?"

ನಮ್ಮ ಕಸುಬಿನಲ್ಲಿ ಇದು ಮಾಮೂಲು. ಹೆಸರಿನ ಜಾಗ ಚೌಕವಾಗಿ ಕೊರೆದು ಬೇರೆ ತುಂಡು ಬಡಿಯುತ್ತೇವೆ. ಹಲಗೆ ಉಳಿಯುತ್ತದೆ. ಹೆಣ್ಣು ಉಳಿಯುವುದಿಲ್ಲ.

ಏರಿಯ ಬಾವಿ ದಾಟುವಾಗ... ಟಕ್. ಟಕ್. ಹಿಂದೆ ಮರದ ಮೆಟ್ಟಿನ ಸದ್ದು. ನಿಂತ. ಅದೂ ನಿಂತಿತು.

ಆಮೇಲೆ ಬೆನ್ನ ಮೇಲೆ, ಬಟ್ಟೆಯೊಳಗೆ... ಕಿರ್ರ್... ಉಗುರಿನಲ್ಲಿ ಮರ ಕೆರೆದ ಹಾಗೆ.

"ಅಣ್ಣಾ..." ಕಿವಿಯ ಹತ್ತಿರವೇ. "ನನ್ ಹೆಸರು ತೆಗೀತೀಯಾ?"

"ಹೊಟ್ಟೆಪಾಡು, ತಾಯಿ."

"ನಂದೂ ಅದೇ ಆಗಿತ್ತು."

ತೊಕುಜಿ ಹಿಂದೆ ತಿರುಗದೆ, "ತೆಗೆಯಲ್ಲ," ಅಂದ.

"ಹಾಗಾದ್ರೆ ನೀ ಹೋಗು. ಇನ್ನೊಬ್ಬರ ಹೆಸರು ನಾನೇ ತೆಗೀತೀನಿ."

ಟಕ್. ಟಕ್... ಸದ್ದು ಕೇರಿಯ ಕಡೆ ತಿರುಗಿತು.

ಬೆಳಿಗ್ಗೆ ಯಜಮಾನ ಹಾಸಿಗೆಯಲ್ಲಿ ಸತ್ತು ಬಿದ್ದಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ಅವನಿಗೇನು ಚಾಪೆಯೇ? ಮೆರವಣಿಗೆ, ಧೂಪ, ಸಾಲು ಭಿಕ್ಷುಗಳು. ಆದರೆ ಸತ್ತವನ ಹೆಸರು ಬರೆದಿಡುವ ಫಲಕದಲ್ಲಿ ಮಸಿ ನಿಲ್ಲಲಿಲ್ಲ. ಸಂಜೆ ಬರೆದರೆ ಬೆಳಿಗ್ಗೆ ಖಾಲಿ. ಉಳಿ ಹಿಡಿದು ಕೆತ್ತಿಸಿದರು... ಬೆಳಿಗ್ಗೆ ನುಣ್ಣಗೆ.

ಆ ಫಲಕ ನಾನೇ ಬೆರಳಿಟ್ಟು ಸವರಿದ್ದೇನೆ. ಸುಳ್ಳು ಹೇಳಿ ನನಗೇನಾಗಬೇಕು? ಅವನ ಹೆಸರೇನು ಅಂತ ಮಾತ್ರ ಕೇಳಬೇಡಿ. ಅವನ ಹೆಂಡತಿಗೂ ನೆನಪಿಲ್ಲ.