ಮರಳಿಗೆ ಎರಡು ಗಾಡಿ

ಮರಳುದಿಬ್ಬಗಳಲ್ಲಿ ಓಡಿಸಲೆಂದು ಟೈರಿನಿಂದ ಇಳಿಸಿದ್ದ ಗಾಳಿಯನ್ನು ಮತ್ತೆ ತುಂಬಿಸಲು ವಾಲ್ವಿಸ್ ಬೇ ಊರಂಚಿನ ಪೆಟ್ರೋಲ್ ಬಂಕಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಸಾಲಿನಲ್ಲಿ ಕಾಯುತ್ತಿದ್ದ ಎನ್‌ದೆಶಿ ಎಂಬಾಕೆಯ ಕಿವಿ, ಕೊಳ್ಳುವ ಮುನ್ನ ಓಡಿಸಿ ನೋಡಿ ತಂದ ಮುಂದಿನ ಹೊಸ ಗಾಡಿಯ ಪಕ್ಕ ನಿಂತ ಮುದುಕ ಗಾವಸೆಬ್ ಮತ್ತು ಆ ಗಾಡಿ ಮಾರುವ ಹುಡುಗ ಉವಾರಿಪಿಯ ಮಾತಿನ ಮೇಲಿತ್ತು.

"ಹೇಗೆ ಓಡ್ತು, ಯಜಮಾನ್ರೇ?"

"ಮೇಕೆ ಹತ್ತಿದ ಹಾಗೆ ದಿಬ್ಬ ಹತ್ತಿತು. ಇದನ್ನ ತಗಡಿನ ಡಬ್ಬ ಅಂತ ಬೈದವನು ನಾನೇ."

"ಹಾಗಾದ್ರೆ ತಗೊಳ್ಳಿ. ನೀವು ತಗೊಂಡ್ರೆ ಮರಳಲ್ಲಿ ಗಾಡಿ ಓಡಿಸೋ ನಿಮ್ಮ ಕ್ಲಬ್ಬಿನವರೆಲ್ಲ ತಗೋತಾರೆ."

"ಮರಳಿಗೆ ಒಂಟಿ ಗಾಡಿ ಇಳಿಸಬಾರದಪ್ಪ. ಹೂತುಹೋದ್ರೆ ಎಳೆಯೋಕೆ ಹಿಂದೆ ಇನ್ನೊಂದು ಬೇಕು."

"ಇದು ಹೂತುಹೋಗೋದೇ ಇಲ್ಲ."

"ಮೂವತ್ತು ವರ್ಷ ನನ್ನ ಹಿಂದೆ ಬರೋ ಗಾಡೀನ ನನ್ನ ಹೆಂಡತಿ ಓಡಿಸ್ತಿದ್ಳು. ಮೇ ತಿಂಗಳಲ್ಲಿ ತೀರಿಕೊಂಡ್ಳು."

ಮುದುಕ ಕೀಲಿಯನ್ನು ಉವಾರಿಪಿಯ ಕೈಗಿಟ್ಟ.

"ಗಾಡಿಯಲ್ಲಿ ಐಬಿಲ್ಲ. ಹಿಂದೆ ನೋಡೋ ಕನ್ನಡಿ ಮಾತ್ರ ತೀರಾ ದೊಡ್ಡದು. ಹಿಂದೆ ಯಾರೂ ಇಲ್ಲದ್ದು ಚೆನ್ನಾಗಿ ಕಾಣುತ್ತೆ."

ಅಷ್ಟು ಹೇಳಿ ಅವನು ಊರ ಕಡೆಗೆ ನಡೆದೇ ಹೊರಟ.